ಯೂರೋ ಬಂದ ಮೇಲೆ ಬೆಲೆ ನಿಜಕ್ಕೂ ಏರಿತಾ? ನೀವೇ ಲೆಕ್ಕ ಹಾಕಿ ನೋಡುವ ಬಗೆ

ಯುರೋಪಿನ ಯಾವ ದೇಶ ತನ್ನ ಹಳೇ ಕರೆನ್ಸಿ ಬಿಟ್ಟು ಯೂರೋ ಹಿಡಿದರೂ ಅಲ್ಲಿನ ಜನ ಹೇಳುವುದು ಒಂದೇ ಮಾತು, ಎಲ್ಲಾ ತುಟ್ಟಿಯಾಗಿ ಹೋಯಿತು ಅಂತ. 2002ರಲ್ಲಿ ಜರ್ಮನಿ, ಇಟಲಿ, ಸ್ಪೇನ್‌ನವರು ಹೇಳಿದರು. 2023ರಲ್ಲಿ ಕ್ರೊಯೇಷಿಯಾದವರು ಹೇಳಿದರು. 2026ರ ಜನವರಿ 1ಕ್ಕೆ ಬಲ್ಗೇರಿಯಾ 21ನೇ ದೇಶವಾಗಿ ಸೇರಿತು, ಅಲ್ಲಂತೂ ಸೇರುವ ಮೊದಲೇ ಯೂರೋ ಬೇಡ ಅಂತ ಜನ ಬೀದಿಗೆ ಇಳಿದಿದ್ದರು. ಇನ್ನೊಂದು ಕಡೆ ಅಂಕಿಅಂಶ ಇಲಾಖೆಯವರು ಏರಿದ್ದು ತೀರಾ ಸ್ವಲ್ಪ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬೇರೆ ಬೇರೆ ವಸ್ತು ನೋಡಿ ಮಾತಾಡುತ್ತಿದ್ದಾರೆ, ಅಷ್ಟೇ.

ಯೂರೋ ದೇಶಗಳಲ್ಲಿ ಓದುತ್ತಿರುವ, ಕೆಲಸ ಮಾಡುತ್ತಿರುವ ಕನ್ನಡಿಗರು ತುಂಬಾ ಜನ ಇದ್ದೀರಿ, ಹೋಗಲು ತಯಾರಿ ನಡೆಸಿರುವವರೂ ಇದ್ದೀರಿ. ನೀವಿರುವ ಊರಿನಲ್ಲಿ ಬೆಲೆ ಎಷ್ಟು ಏರಿದೆ, ಅದಕ್ಕೆ ಕಾರಣ ಕರೆನ್ಸಿಯಾ ಇನ್ನೊಂದಾ ಅಂತ ನೀವೇ ಪತ್ತೆ ಮಾಡಬಹುದು. ಮೊಬೈಲಿನ ಕ್ಯಾಲ್ಕುಲೇಟರು, ಕೆಲವು ಹಳೇ ಬಿಲ್ಲು ಸಾಕು. ಈ ಲೆಕ್ಕ ಮಾಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಎಲ್ಲಾ ತಪ್ಪನ್ನೂ ಯೂರೋ ತಲೆಗೆ ಕಟ್ಟಿದರೆ, ನಿಜವಾಗಿ ಬೆಲೆ ಏರಿಸಿದವರು ಆರಾಮಾಗಿ ತಪ್ಪಿಸಿಕೊಳ್ಳುತ್ತಾರೆ.

ಮೊದಲು ಗಂಟು ಬಿಡಿಸಿಕೊಳ್ಳಿ

ಬೆಲೆ ಏರಿತು ಅನ್ನುವ ಒಂದು ಮಾತಿನೊಳಗೆ ಮೂರು ವಿಷಯ ಕಲಸಿಹೋಗಿರುತ್ತವೆ. ಕರೆನ್ಸಿ ಬದಲಾದ ದಿನ ಅಂಗಡಿಯವರು ಚಿಲ್ಲರೆ ಸರಿಮಾಡುವ ನೆಪದಲ್ಲಿ ಬೆಲೆಯನ್ನು ಮೇಲಕ್ಕೆ ಎಳೆದದ್ದು ಮೊದಲನೆಯದು. ಯೂರೋ ಬರಲಿ ಬಿಡಲಿ ಹೇಗೂ ಆಗುತ್ತಿದ್ದ ಏರಿಕೆ ಎರಡನೆಯದು: ತೈಲ, ಗ್ಯಾಸು, ಗೋಧಿ, ಬರ, ಯುದ್ಧ, ಇವೆಲ್ಲ ಇದರಲ್ಲಿ ಬಂತು. ಮೂರನೆಯದು ತುಂಬಾ ನಿಧಾನದ್ದು. ಕಡಿಮೆ ಸಂಬಳದ ದೇಶವೊಂದು ಜಾಸ್ತಿ ಸಂಬಳದ ದೇಶಗಳ ಮಾರುಕಟ್ಟೆಗೆ ಸೇರಿಕೊಂಡ ಮೇಲೆ ವರ್ಷಗಟ್ಟಲೆ ಅಲ್ಲಿ ಸಂಬಳವೂ ಏರುತ್ತದೆ, ಜೊತೆಗೆ ಬೆಲೆಯೂ ಏರುತ್ತದೆ.

ಇವುಗಳಲ್ಲಿ ಮೊದಲನೆಯದನ್ನು ಮಾತ್ರ ನೇರವಾಗಿ ಯೂರೋ ಲೆಕ್ಕಕ್ಕೆ ಬರೆಯಬಹುದು. 2002ರಲ್ಲಿ ನೋಟು ನಾಣ್ಯ ಕೈಗೆ ಬಂದ ವರ್ಷ ಯೂರೋ ದೇಶಗಳ ಒಟ್ಟು ಹಣದುಬ್ಬರ ಶೇ. 2.3 ಇತ್ತು. ಅದರಲ್ಲಿ ಕರೆನ್ಸಿ ಬದಲಾವಣೆಯ ಪಾಲು 0.12ರಿಂದ 0.29 ಅಂಶ ಇರಬಹುದು ಅಂತ ಯುರೋಪಿನ ಅಂಕಿಅಂಶ ಸಂಸ್ಥೆ ಯೂರೋಸ್ಟಾಟ್ ಅಂದಾಜು ಮಾಡಿತು. ಅಂದರೆ ನೂರು ಯೂರೋ ಖರ್ಚಿಗೆ ಹೆಚ್ಚೆಂದರೆ ಮೂವತ್ತು ಸೆಂಟು. ಹಾಗಿದ್ದರೆ ಜನಕ್ಕೆ ಅಷ್ಟೊಂದು ಉರಿದದ್ದು ಯಾಕೆ? ಅದಕ್ಕೆ ಉತ್ತರ ನಿಮ್ಮ ಬಿಲ್ಲಿನಲ್ಲೇ ಸಿಗುತ್ತದೆ.

ಸರಿಯಾದ ದರದಲ್ಲಿ ಭಾಗಿಸಿ, ಸುಮಾರಿಗೆ ಬೇಡ

ಹಳೇ ಕರೆನ್ಸಿಗೂ ಯೂರೋಗೂ ಒಂದು ದರ ನಿಗದಿಯಾದರೆ ಮುಗಿಯಿತು, ಅದು ಮತ್ತೆ ಬದಲಾಗುವುದಿಲ್ಲ. ಒಂದು ಯೂರೋಗೆ ಜರ್ಮನಿಯ 1.95583 ಮಾರ್ಕ್, ಇಟಲಿಯ 1936.27 ಲೀರಾ, ಸ್ಪೇನ್‌ನ 166.386 ಪೆಸೆಟಾ, ಕ್ರೊಯೇಷಿಯಾದ 7.53450 ಕುನಾ. ಬಲ್ಗೇರಿಯಾದ ಲೆವ್‌ಗೂ 1.95583 ದರವೇ, ಯಾಕೆಂದರೆ 1997ರಲ್ಲಿ ಆ ದೇಶ ತನ್ನ ಲೆವ್ ಅನ್ನು ಜರ್ಮನ್ ಮಾರ್ಕ್‌ಗೆ ಕಟ್ಟಿಹಾಕಿಕೊಂಡಿತ್ತು. ಲೆಕ್ಕ ಮಾಡುವಾಗ ದರದ ಅಂಕಿಗಳನ್ನು ಕತ್ತರಿಸಬಾರದು. ಪೂರ್ತಿ ದರದಿಂದ ಭಾಗಿಸಿ, ಬಂದ ಉತ್ತರವನ್ನು ಮಾತ್ರ ಹತ್ತಿರದ ಸೆಂಟಿಗೆ ತರಬೇಕು. ಕಾನೂನಿನಲ್ಲೇ ಹಾಗಿದೆ.

ಒಂದು ಉದಾಹರಣೆ ಮಾಡೋಣ. ಬಲ್ಗೇರಿಯಾದ ರಾಜಧಾನಿ ಸೋಫಿಯಾದಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗುವವರು ಬೇಕರಿಯಲ್ಲಿ ನಿಂತು ಬಾನಿತ್ಸಾ ತಿನ್ನುತ್ತಾರೆ, ಚೀಸ್ ತುಂಬಿದ ಪದರು ಪದರಾದ ತಿಂಡಿ. ಅದಕ್ಕೆ ಡಿಸೆಂಬರಿನಲ್ಲಿ 2.50 ಲೆವ್ ಇತ್ತು ಅಂತಿಟ್ಟುಕೊಳ್ಳಿ. 1.95583ರಿಂದ ಭಾಗಿಸಿದರೆ 1.2782 ಬರುತ್ತದೆ, ಅಂದರೆ 1.28 ಯೂರೋ. ಜನವರಿಯಲ್ಲಿ 1.30 ಆಗಿದ್ದರೆ ಏರಿಕೆ ಶೇ. 1.7, ಇದು ಚಿಲ್ಲರೆ ಸರಿಮಾಡಿದ್ದು ಅನ್ನಬಹುದು. 1.50 ಆಗಿದ್ದರೆ? ಅದು ಹಳೇ ಲೆಕ್ಕದಲ್ಲಿ 2.93 ಲೆವ್. ಏರಿಕೆ ಶೇ. 17. ಇದಕ್ಕೆ ಚಿಲ್ಲರೆಯ ನೆಪ ಹೇಳಿದರೆ ಒಪ್ಪಬೇಡಿ.

ಇಲ್ಲಿ ಎಲ್ಲರೂ ಬೀಳುವ ಒಂದು ಹಳ್ಳ ಇದೆ. 1.95583ರ ಬದಲು ಸುಮ್ನೆ ಎರಡರಿಂದ ಗುಣಿಸುವುದು. ಹಾಗೆ ಗುಣಿಸಿದರೆ 1.50 ಯೂರೋ ಅಂದರೆ 3 ಲೆವ್ ಆಗುತ್ತದೆ, ಏರಿಕೆ ಶೇ. 20 ಅಂತ ಕಾಣುತ್ತದೆ. ಎರಡರಿಂದ ಗುಣಿಸುವವರಿಗೆ ಪ್ರತಿಯೊಂದು ಸಾಮಾನೂ ಇರುವುದಕ್ಕಿಂತ ಶೇ. 2.3ರಷ್ಟು ಜಾಸ್ತಿ ತುಟ್ಟಿಯಾಗಿ ಕಾಣುತ್ತದೆ. ಇಟಲಿಯವರು ಸಾವಿರದ ಒಂಬೈನೂರ ಚಿಲ್ಲರೆ ಬಿಟ್ಟು ಎರಡು ಸಾವಿರ ಲೀರಾ ಅಂತ ಲೆಕ್ಕ ಹಾಕಿದರೆ ಶೇ. 3.3 ಹೆಚ್ಚು ಕಾಣುತ್ತದೆ. ಒಂದು ವರ್ಷದ ಇಡೀ ಹಣದುಬ್ಬರಕ್ಕಿಂತ ದೊಡ್ಡ ತಪ್ಪು ಬರೀ ಮನಸ್ಸಿನ ಗುಣಾಕಾರದಲ್ಲೇ ಆಗಿಬಿಡುತ್ತದೆ ನೋಡಿ.

ಹೊಸದಾಗಿ ಸೇರಿದ ದೇಶದಲ್ಲಿದ್ದರೆ ನಿಮಗೆ ಇನ್ನೊಂದು ಅನುಕೂಲ ಇದೆ. ಕ್ರೊಯೇಷಿಯಾದಲ್ಲಿ 2022ರ ಸೆಪ್ಟೆಂಬರ್ 5ರಿಂದ 2023ರ ಕೊನೆಯವರೆಗೆ ಎಲ್ಲಾ ಬೆಲೆಯನ್ನೂ ಎರಡೂ ಕರೆನ್ಸಿಯಲ್ಲಿ ಬರೆಯಬೇಕಿತ್ತು. ಆಗಿನ ಒಂದು ಬಿಲ್ಲು ಕೈಗೆ ಸಿಕ್ಕಿದರೆ ನೋಡಿ: ಸಾಲು ಸಾಲು ಸಾಮಾನು, ಕೆಳಗೆ ಒಟ್ಟು ಮೊತ್ತ ಯೂರೋದಲ್ಲಿ, ಅದರ ಕೆಳಗೆ ಅದೇ ಮೊತ್ತ ಕುನಾದಲ್ಲಿ, ಜೊತೆಗೆ ಒಂದು ಯೂರೋಗೆ 7.53450 ಕುನಾ ಅನ್ನುವ ದರ. ಬಲ್ಗೇರಿಯಾದಲ್ಲಿ ಈ ಎರಡು ಬೆಲೆಯ ನಿಯಮ 2025ರ ಆಗಸ್ಟ್ 8ರಿಂದ 2026ರ ಆಗಸ್ಟ್ 8ರವರೆಗೆ. ಅಂಥ ಬಿಲ್ಲು ಸಿಕ್ಕಿದರೆ ಎಸೆಯಬೇಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಶಾಯಿ ಬೇಗ ಮಾಸುವ ಕಾಗದ ಅದು.

ಯಾವ ದಿನದ ಬೆಲೆಗೆ ಹೋಲಿಸುತ್ತಿದ್ದೀರಿ?

ಇದು ಎಲ್ಲಕ್ಕಿಂತ ಮುಖ್ಯ. ನೆನಪಿನಲ್ಲಿರುವ ಬೆಲೆಗೆ ಹೋಲಿಸಬೇಡಿ. ಜರ್ಮನಿಯಲ್ಲಿ ವಯಸ್ಸಾದವರು ಇವತ್ತಿಗೂ ಮಾರ್ಕ್ ಲೆಕ್ಕ ಹೇಳುವುದನ್ನು ಕೇಳಿರಬಹುದು. ಆಗ ಎರಡು ಮಾರ್ಕ್ ಇದ್ದದ್ದು ಈಗ ಎರಡು ಯೂರೋ ಆಗಿದೆ, ಡಬಲ್ ಆಯಿತು ಅಂತ. ಆದರೆ ನಡುವೆ ಎಷ್ಟು ವರ್ಷ ಕಳೆದಿದೆ? ಯುರೋಪಿನ ಕೇಂದ್ರ ಬ್ಯಾಂಕ್ ತಾನೇ ಇಟ್ಟುಕೊಂಡಿರುವ ಗುರಿ ವರ್ಷಕ್ಕೆ ಶೇ. 2 ಏರಿಕೆ. ಆ ಗುರಿಯಂತೆ ಎಲ್ಲವೂ ಸರಿಯಾಗಿ ನಡೆದರೂ 24 ವರ್ಷದಲ್ಲಿ 100 ಇದ್ದದ್ದು 161 ಆಗುತ್ತದೆ. ಮಾರ್ಕ್ ಹಾಗೇ ಉಳಿದಿದ್ದರೂ ಬೆಲೆ ಎಲ್ಲೂ ನಿಂತಿರುತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಸಂಬಳವೂ ಅಲ್ಲೇ ನಿಂತಿರಲಿಲ್ಲ, ಅಲ್ವಾ?

ಕರೆನ್ಸಿ ಬದಲಾವಣೆಯ ಪರಿಣಾಮ ಅಳೆಯಬೇಕೆಂದರೆ ಬದಲಾವಣೆಗೆ ಹಿಂದಿನ ಆರು ತಿಂಗಳ ಬೆಲೆ ಮತ್ತು ಮುಂದಿನ ಆರು ತಿಂಗಳ ಬೆಲೆ ಬೇಕು. ಬರೀ ಡಿಸೆಂಬರ್ 31 ಮತ್ತು ಜನವರಿ 1 ಸಾಲದು, ಯಾಕೆಂದರೆ ಬುದ್ಧಿವಂತ ವ್ಯಾಪಾರಿ ಜನವರಿ 1ಕ್ಕೆ ಕಾಯುವುದಿಲ್ಲ. ಎಲ್ಲರ ಕಣ್ಣು ತನ್ನ ಮೇಲಿರುತ್ತದೆ ಅಂತ ಅವನಿಗೆ ಗೊತ್ತು, ಸೆಪ್ಟೆಂಬರಿನಲ್ಲೇ ಏರಿಸಿಬಿಡುತ್ತಾನೆ. ಇನ್ನೊಬ್ಬ ಮಾರ್ಚ್‌ವರೆಗೆ ಸುಮ್ಮನಿದ್ದು ಆಮೇಲೆ ಏರಿಸುತ್ತಾನೆ. ಹಳೇ ಬಿಲ್ಲು ಇಲ್ಲದಿದ್ದರೆ ಸೂಪರ್ ಮಾರ್ಕೆಟ್‌ಗಳ ವಾರದ ಜಾಹೀರಾತು ಹಾಳೆ ಹುಡುಕಿ, ಆನ್‌ಲೈನ್ ದಿನಸಿ ಆರ್ಡರ್‌ನ ಹಳೇ ಇಮೇಲ್ ತೆಗೆಯಿರಿ, ಹೋಟೆಲಿನ ಮೆನು ಫೋಟೊಗಳನ್ನು ಮ್ಯಾಪ್‌ನಲ್ಲಿ ಹಿಂದಕ್ಕೆ ಸರಿಸುತ್ತಾ ನೋಡಿ. ಮೆನು ಫೋಟೊ ತುಂಬಾ ಒಳ್ಳೆಯ ಸಾಕ್ಷಿ, ತೆಗೆದ ತಿಂಗಳು ಅದರ ಜೊತೆಗೇ ಇರುತ್ತದೆ.

ಮೆನು ಅಂದ ಕೂಡಲೇ ಒಂದು ವಿಷಯ ಹೇಳಬೇಕು. 2002ರಲ್ಲಿ ಜೋರಾಗಿ ಜಿಗಿದದ್ದು ಹೋಟೆಲು, ಕಾಫಿ ಅಂಗಡಿಗಳ ಬೆಲೆ. ಸೆಲೂನ್‌ನಂಥ ಸಣ್ಣ ಸೇವೆಗಳದ್ದೂ ಹೀಗೇ ಆಯಿತು. ಕಾರಣ ಸರಳ. ಮೆನು ಮತ್ತೆ ಪ್ರಿಂಟ್ ಹಾಕಿಸುವುದಕ್ಕೆ ಖರ್ಚು ಇದೆ, ಗಿರಾಕಿಗಳ ಮುಖ ನೋಡಬೇಕು, ಹಾಗಾಗಿ ಇವರು ಬೆಲೆಯನ್ನು ಅಪರೂಪಕ್ಕೆ ಬದಲಿಸುತ್ತಾರೆ. ಯೂರೋ ಬರುವಾಗ ಹೇಗೂ ಹೊಸ ಮೆನು ಬೇಕು. ಆದ್ದರಿಂದ ಹಿಂದೆ ಏರಿಸಬೇಕಿದ್ದನ್ನು ತಡೆಹಿಡಿದು, ಮುಂದೆ ಏರಿಸಬೇಕಾದ್ದನ್ನು ಹಿಂದಕ್ಕೆ ಎಳೆದು, ಎಲ್ಲವನ್ನೂ ಒಂದೇ ದಿನ ಹಾಕಿಬಿಟ್ಟರು. ಒಂದು ವರ್ಷದ ಮೊತ್ತ ನೋಡಿದರೆ ಅಷ್ಟೇನೂ ಅನ್ನಿಸದು. ಜನವರಿಯಲ್ಲಿ ಕಾಫಿ ಕುಡಿಯಲು ಹೋದವನಿಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು. ಅದೇ ಜನವರಿಯಲ್ಲಿ ಕೆಟ್ಟ ಹವೆಯಿಂದ ತರಕಾರಿ ಬೆಲೆಯೂ ಏರಿತ್ತು. ಅದನ್ನೂ ಜನ ಯೂರೋ ಖಾತೆಗೇ ಬರೆದರು.

ನಿಮ್ಮ ಬುಟ್ಟಿ ಯಾವುದು ಅಂತ ನೋಡಿ

ಬೆಲೆ ಎಷ್ಟು ಏರಿತು ಅನ್ನುವುದಕ್ಕಿಂತ, ಏರಿದ ವಸ್ತುವಿಗೆ ನೀವು ತಿಂಗಳಿಗೆ ಎಷ್ಟು ಸುರಿಯುತ್ತೀರಿ ಅನ್ನುವುದು ಮುಖ್ಯ. ತಿಂಗಳ ಖರ್ಚನ್ನು ಬರೆದುಕೊಳ್ಳಿ. ಪ್ರತಿ ಸಾಲಿಗೂ ಏರಿಕೆಯ ಪ್ರಮಾಣ ಹಾಕಿ, ಎಷ್ಟು ಯೂರೋ ಜಾಸ್ತಿ ಹೋಯಿತು ಅಂತ ತೆಗೆಯಿರಿ, ಕೂಡಿಸಿ, ಒಟ್ಟು ಖರ್ಚಿನಿಂದ ಭಾಗಿಸಿ.

ಕ್ರೊಯೇಷಿಯಾದ ರಾಜಧಾನಿ ಜಾಗ್ರೆಬ್‌ನಲ್ಲಿ ತಿಂಗಳಿಗೆ 800 ಯೂರೋ ಖರ್ಚು ಮಾಡುವ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಬಾಡಿಗೆ 350, ಏರಿಲ್ಲ. ಕರೆಂಟು ಫೋನು 120, ಏರಿಲ್ಲ. ದಿನಸಿ 200, ಶೇ. 1 ಏರಿದೆ, ಅಂದರೆ 2 ಯೂರೋ. ಹೊರಗಿನ ಕಾಫಿ 30, ಅದು 10 ಕುನಾದಿಂದ ಒಂದೂವರೆ ಯೂರೋಗೆ ಹಾರಿದೆ. ಸರಿಯಾಗಿ ಭಾಗಿಸಿದ್ದರೆ 1.33 ಆಗಬೇಕಿತ್ತು, ಅಂದರೆ ಏರಿಕೆ ಶೇ. 13, ಹೆಚ್ಚುವರಿ 3.90 ಯೂರೋ. ಬೇಕರಿ 40, ಶೇ. 5 ಏರಿಕೆ, 2 ಯೂರೋ. ಕಟಿಂಗ್ 15, ಶೇ. 10, ಒಂದೂವರೆ ಯೂರೋ. ಉಳಿದ 45ರಲ್ಲಿ ಬದಲಾವಣೆ ಇಲ್ಲ. ಕೂಡಿಸಿದರೆ 9.40 ಯೂರೋ, ಅಂದರೆ ಒಟ್ಟು ಖರ್ಚಿನ ಶೇ. 1.2. ದಿನಾ ಬೆಳಿಗ್ಗೆ ಅವನ ಕಣ್ಣಿಗೆ ಬೀಳುವುದು ಮಾತ್ರ ಆ ಶೇ. 13.

ಈಗ ಅದೇ ಬೀದಿಯಲ್ಲಿ ಸ್ವಂತ ಮನೆಯಲ್ಲಿರುವ ಒಬ್ಬ ಪಿಂಚಣಿದಾರ ಅಜ್ಜಿಯ ಲೆಕ್ಕ. ಬಾಡಿಗೆ ಇಲ್ಲ, ತಿಂಗಳಿಗೆ 300 ಯೂರೋ ಖರ್ಚು. ಕರೆಂಟು ಇತ್ಯಾದಿ 80, ದಿನಸಿ 150, ಬೇಕರಿ 40, ಗೆಳತಿಯರ ಜೊತೆ ಕಾಫಿ 30. ಏರಿಕೆಗಳು ಅವವೇ. ಹೆಚ್ಚುವರಿ 7.40 ಯೂರೋ, ಅಂದರೆ ಶೇ. 2.5. ಹುಡುಗನಿಗಿಂತ ಎರಡು ಪಟ್ಟು. ಅದಕ್ಕೇ ನಾನು ಜನರ ಅನಿಸಿಕೆ ಬರೀ ಭ್ರಮೆ ಅಂತ ತಳ್ಳಿಹಾಕುವವರ ಮಾತು ಒಪ್ಪುವುದಿಲ್ಲ. ಸರಾಸರಿ ಅಂಕಿ ಸರಿಯಾಗಿಯೇ ಇರುತ್ತದೆ. ಆದರೆ ಸರಾಸರಿ ಮನುಷ್ಯನ ಬುಟ್ಟಿಯಲ್ಲಿ ಟಿವಿ, ಕಾರು, ವಿಮಾನದ ಟಿಕೆಟು ಎಲ್ಲಾ ಇರುತ್ತದೆ. ಈ ಅಜ್ಜಿಯ ಬುಟ್ಟಿಯಲ್ಲಿ ಬ್ರೆಡ್ಡು ಮತ್ತು ಕಾಫಿ ಇದೆ, ಚಿಲ್ಲರೆಯ ಆಟ ನಡೆಯುವುದೂ ಅಲ್ಲೇ.

ಇನ್ನೊಂದು ಮಾತು. ಯುರೋಪಿನ ಅಧಿಕೃತ ಹಣದುಬ್ಬರ ಸೂಚ್ಯಂಕದಲ್ಲಿ ಬಾಡಿಗೆ ಸೇರಿದೆ, ಸ್ವಂತ ಮನೆ ಕೊಳ್ಳುವ ಖರ್ಚು ಸೇರಿಲ್ಲ. ಯೂರೋ ಸೇರಿದ ಮೇಲೆ ಸ್ಪೇನ್, ಐರ್ಲೆಂಡ್‌ಗಳಲ್ಲಿ ಸಾಲದ ಬಡ್ಡಿ ಇಳಿಯಿತು, ಬ್ಯಾಂಕುಗಳು ಧಾರಾಳವಾಗಿ ಸಾಲ ಕೊಟ್ಟವು, ಮನೆ ಬೆಲೆ ಗಗನಕ್ಕೇರಿ 2008ರ ಹೊತ್ತಿಗೆ ಕುಸಿದು ಬಿತ್ತು. ಒಂದೇ ಕರೆನ್ಸಿಯ ನಿಜವಾದ ದೊಡ್ಡ ಬೆಲೆ ಪರಿಣಾಮ ನನ್ನ ಪ್ರಕಾರ ಅದು, ಕಾಫಿಯದ್ದಲ್ಲ. ಇಡೀ ಪ್ರದೇಶಕ್ಕೆ ಫ್ರಾಂಕ್‌ಫರ್ಟ್‌ನಲ್ಲಿರುವ ಯುರೋಪಿನ ಕೇಂದ್ರ ಬ್ಯಾಂಕಿನಲ್ಲಿ ಒಂದೇ ಬಡ್ಡಿ ದರ ನಿಗದಿಯಾಗುತ್ತದೆ, ಅದು ಎಲ್ಲಾ ದೇಶಕ್ಕೂ ಒಂದೇ ಸಮ ಹೊಂದುವುದಿಲ್ಲ. ನೀವು ಮನೆ ಕೊಳ್ಳುವ ಯೋಚನೆಯಲ್ಲಿದ್ದರೆ ಮನೆ ಬೆಲೆಯ ಸೂಚ್ಯಂಕವನ್ನು ಬೇರೆಯಾಗಿಯೇ ನೋಡಿ.

ಪಕ್ಕದ ದೇಶ ನೋಡದೆ ತೀರ್ಮಾನಕ್ಕೆ ಬರಬೇಡಿ

ಕ್ರೊಯೇಷಿಯಾ ಯೂರೋ ಹಿಡಿದ ತಿಂಗಳು, 2023ರ ಜನವರಿಯಲ್ಲಿ, ಅಲ್ಲಿನ ಹಣದುಬ್ಬರ ಶೇ. 12.5. ಕೇಳಿದರೆ ಎದೆ ಝಲ್ ಅನ್ನುತ್ತದೆ. ಆದರೆ ಅದರ ಹಿಂದಿನ ತಿಂಗಳು, ಕುನಾ ಇದ್ದಾಗಲೇ, ಶೇ. 12.7 ಇತ್ತು. ಪಕ್ಕದ ಹಂಗೇರಿಯಲ್ಲಿ ಯೂರೋ ಇಲ್ಲ, ಅವರದ್ದೇ ಫೋರಿಂಟ್ ಇದೆ, ಅಲ್ಲಿ ಅದೇ ತಿಂಗಳು ಶೇ. 25 ದಾಟಿತ್ತು. ಉಕ್ರೇನ್ ಯುದ್ಧದಿಂದ ಗ್ಯಾಸು, ಕರೆಂಟು, ಆಹಾರ ಎಲ್ಲಾ ಕಡೆ ಏರಿದ್ದ ಹೊತ್ತು ಅದು.

ಯೂರೋ ಒಳಗೇ ನೋಡಿ. 2022ರ ಆಗಸ್ಟ್‌ನಲ್ಲಿ ಎಸ್ಟೋನಿಯಾದ ಹಣದುಬ್ಬರ ಸುಮಾರು ಶೇ. 25, ಫ್ರಾನ್ಸಿನದ್ದು ಶೇ. 7ಕ್ಕಿಂತ ಕಡಿಮೆ. ಕರೆನ್ಸಿ ಒಂದೇ. ಫ್ರಾನ್ಸಿನಲ್ಲಿ ಅಣು ವಿದ್ಯುತ್ ಜಾಸ್ತಿ, ಸರ್ಕಾರ ಕರೆಂಟು ದರಕ್ಕೆ ಮಿತಿ ಹಾಕಿತ್ತು. ಎಸ್ಟೋನಿಯಾದಲ್ಲಿ ಮಾರುಕಟ್ಟೆಯ ಏರಿಳಿತ ನೇರವಾಗಿ ಮನೆಯ ಬಿಲ್ಲಿಗೆ ಬಂತು. ಹಾಗಾಗಿ ಲೆಕ್ಕದ ಕೊನೆಗೆ ಎರಡು ದೇಶ ಪಕ್ಕದಲ್ಲಿಟ್ಟು ನೋಡಿ: ಯೂರೋ ಇಲ್ಲದ ಒಂದು ನೆರೆ ದೇಶ, ಮೊದಲಿಂದ ಯೂರೋ ಇರುವ ಇನ್ನೊಂದು. ಮೂರರಲ್ಲೂ ಒಂದೇ ತರಹ ಏರಿದ್ದರೆ ಕಾರಣ ಬೇರೆ ಕಡೆ ಇದೆ. ಯೂರೋಸ್ಟಾಟ್ ಜಾಲತಾಣದಲ್ಲಿ ತಿಂಗಳ ಅಂಕಿ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ.

ಒಂದೇ ಕರೆನ್ಸಿ ಆದರೂ ಒಂದೇ ಬೆಲೆ ಯಾಕಿಲ್ಲ

ಬೆಂಗಳೂರಿನಲ್ಲೂ ರೂಪಾಯಿ, ಹಾವೇರಿಯಲ್ಲೂ ರೂಪಾಯಿ. ಕಟಿಂಗ್ ರೇಟು ಒಂದೇನಾ? ಇಲ್ಲ. ಅಂಗಡಿ ಬಾಡಿಗೆ ಬೇರೆ, ಕೂಲಿ ಬೇರೆ. ಕ್ಷೌರ ಅಗ್ಗ ಅಂತ ಯಾರೂ ಹಾವೇರಿಗೆ ಬಸ್ಸು ಹತ್ತುವುದಿಲ್ಲ. ಮೊಬೈಲ್ ಫೋನಿನ ಬೆಲೆ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಯಾಕೆಂದರೆ ಅದನ್ನು ಸಾಗಿಸಬಹುದು. ಯುರೋಪಿನಲ್ಲೂ ಹೀಗೆಯೇ. ಸಾಗಿಸಬಹುದಾದ ವಸ್ತುಗಳ ಬೆಲೆ ಹತ್ತಿರ ಬರುತ್ತದೆ, ಕೂಲಿ ಬಾಡಿಗೆಗಳ ಮೇಲೆ ನಿಂತಿರುವ ಸೇವೆಗಳದ್ದು ದೂರವೇ ಉಳಿಯುತ್ತದೆ. ಬಲ್ಗೇರಿಯಾದ ಸಾಮಾನ್ಯ ಬೆಲೆ ಮಟ್ಟ ಯುರೋಪ್ ಒಕ್ಕೂಟದ ಸರಾಸರಿಯ ಸುಮಾರು ಶೇ. 60, ಐರ್ಲೆಂಡ್, ಲಕ್ಸೆಂಬರ್ಗ್‌ಗಳದ್ದು ಸರಾಸರಿಗಿಂತ ಮೂರನೇ ಒಂದು ಪಾಲು ಜಾಸ್ತಿ.

ತೆರಿಗೆಯೂ ಬೇರೆ ಬೇರೆ. ಸಾಮಾನ್ಯ ವ್ಯಾಟ್ ಲಕ್ಸೆಂಬರ್ಗ್‌ನಲ್ಲಿ ಶೇ. 17, ಜರ್ಮನಿಯಲ್ಲಿ 19, ಕ್ರೊಯೇಷಿಯಾದಲ್ಲಿ 25, ಫಿನ್ಲೆಂಡ್‌ನಲ್ಲಿ 2024ರ ಸೆಪ್ಟೆಂಬರ್‌ನಿಂದ 25.5. ಎರಡು ದೇಶದ ಬೆಲೆ ಹೋಲಿಸುವಾಗ ಮೊದಲು ವ್ಯಾಟ್ ತೆಗೆದುಬಿಡಿ. 100 ಯೂರೋ ಬೆಲೆಯಲ್ಲಿ ಶೇ. 25 ವ್ಯಾಟ್ ಇದ್ದರೆ ಅಂಗಡಿಯವನಿಗೆ ಸಿಗುವುದು 80, ಶೇ. 17 ಇದ್ದರೆ 85.47. ಇದನ್ನು ತೆಗೆದ ಮೇಲೂ ವ್ಯತ್ಯಾಸ ದೊಡ್ಡದಿದ್ದರೆ ಆಗ ಕುತೂಹಲ ಪಡಬೇಕು.

ಬೆಲೆ ಇಳಿಸಿದ್ದು ಯಾವುದು ಅಂತ ಕೇಳಿದರೆ ಅದರಲ್ಲಿ ಯೂರೋಗಿಂತ ಮಾರುಕಟ್ಟೆ ಒಂದಾದದ್ದರ ಪಾಲು ದೊಡ್ಡದು. 1968ರಲ್ಲಿ ಸದಸ್ಯ ದೇಶಗಳ ನಡುವಿನ ಸುಂಕ ಹೋಯಿತು, 1993ರಲ್ಲಿ ಗಡಿಯ ಸುಂಕದ ಕಟ್ಟೆ ಕಾಗದಪತ್ರಗಳೂ ಹೋದವು. 2017ರ ಜೂನ್ 15ರಿಂದ ಮೊಬೈಲ್ ರೋಮಿಂಗ್‌ಗೆ ಹೆಚ್ಚುವರಿ ದುಡ್ಡಿಲ್ಲ. ಯೂರೋದಲ್ಲಿ ಬೇರೆ ದೇಶಕ್ಕೆ ಹಣ ಕಳಿಸಿದರೂ ಸ್ವಂತ ದೇಶದೊಳಗೆ ಕಳಿಸುವಷ್ಟೇ ಶುಲ್ಕ. ಇವೆಲ್ಲ ಕಾನೂನು ಮಾಡಿ ಸಾಧಿಸಿದ್ದು. ಕರೆನ್ಸಿ ತಾನಾಗಿ ಇದನ್ನು ಮಾಡುತ್ತಿರಲಿಲ್ಲ.

ಗೋಡೆ ಕಟ್ಟುವವರನ್ನು ಗುರುತಿಸಿ

ಒಂದೇ ಕಂಪನಿಯ ಅದೇ ಪೊಟ್ಟಣ, ಒಂದು ದೇಶದಲ್ಲಿ ಎರಡು ಯೂರೋ, ಪಕ್ಕದ ದೇಶದಲ್ಲಿ ಮೂರು. ಹಾಗಿದ್ದರೆ ಇಲ್ಲಿನ ಅಂಗಡಿಯವನು ಅಲ್ಲಿಂದ ಸಗಟು ತಂದು ಮಾರಬಹುದಲ್ಲ? ಮಾರುಕಟ್ಟೆ ಒಂದೇ ಅಂದ ಮೇಲೆ ತರಲು ಅಡ್ಡಿ ಇರಬಾರದು. ಆದರೆ ದೊಡ್ಡ ತಯಾರಕರು ಅದಕ್ಕೇ ಅಡ್ಡಗಾಲು ಹಾಕುತ್ತಾರೆ. ಬೆಲ್ಜಿಯಂನಲ್ಲಿ ಜನಪ್ರಿಯವಾದ ಜುಪಿಲರ್ ಬಿಯರ್ ನೆದರ್ಲೆಂಡ್ಸ್‌ನಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ಅದು ಗಡಿ ದಾಟಿ ವಾಪಸ್ ಬರದಂತೆ ತಡೆದದ್ದಕ್ಕೆ ಯುರೋಪ್ ಆಯೋಗ 2019ರ ಮೇ ತಿಂಗಳಲ್ಲಿ ಎಬಿ ಇನ್‌ಬೆವ್ ಕಂಪನಿಗೆ ಸುಮಾರು 20 ಕೋಟಿ ಯೂರೋ ದಂಡ ಹಾಕಿತು. 2024ರ ಮೇ ತಿಂಗಳಲ್ಲಿ ಚಾಕೊಲೇಟ್, ಬಿಸ್ಕತ್ತು, ಕಾಫಿ ವಿಷಯದಲ್ಲಿ ಇಂಥದ್ದೇ ತಡೆ ಹಾಕಿದ್ದಕ್ಕೆ ಮೊಂಡೆಲೀಜ್ ಕಂಪನಿಗೆ 33.75 ಕೋಟಿ ಯೂರೋ ದಂಡ ಬಿತ್ತು. ಜನ ಯೂರೋವನ್ನು ಬೈಯುತ್ತಾ ಕೂತಿದ್ದಾಗ ನಿಜವಾದ ಕೆಲಸ ಇಲ್ಲಿ ನಡೆದಿತ್ತು. ನನಗೆ ಸಿಟ್ಟು ಬರುವುದು ಈ ಜಾಗದಲ್ಲಿ.

ನೀವೂ ಇದನ್ನು ಹಿಡಿಯಬಹುದು. ನೀವು ಕೊಳ್ಳುವ ಬ್ರಾಂಡ್ ಸಾಮಾನುಗಳಲ್ಲಿ ಹತ್ತನ್ನು ಆರಿಸಿ: ಟೂತ್‌ಪೇಸ್ಟು, ಬಟ್ಟೆ ಸೋಪಿನ ಪುಡಿ, ಕಾಫಿ ಪುಡಿ, ಶಾಂಪೂ ಇಂಥವು. ತೂಕ ಒಂದೇ ಇರಬೇಕು. ಎರಡು ದೇಶದ ಸೂಪರ್ ಮಾರ್ಕೆಟ್ ಜಾಲತಾಣದಲ್ಲಿ ಬೆಲೆ ನೋಡಿ, ವ್ಯಾಟ್ ತೆಗೆದು ಪಕ್ಕಪಕ್ಕ ಬರೆಯಿರಿ. ಅಂಗಡಿಯ ಸ್ವಂತ ಬ್ರಾಂಡ್ ಸಾಮಾನು ಎರಡೂ ಕಡೆ ಒಂದೇ ಇದ್ದು, ದೊಡ್ಡ ಬ್ರಾಂಡ್ ಮಾತ್ರ ದೂರ ದೂರ ಇದ್ದರೆ ಕೂಲಿ ಬಾಡಿಗೆಯ ಕಾರಣ ಅಲ್ಲಿ ನಿಲ್ಲುವುದಿಲ್ಲ.

ಗಡಿ ಹತ್ತಿರ ಇದ್ದರೆ ಬಳಸಿಕೊಳ್ಳಿ

ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಿಂದ ರೈನ್ ನದಿ ದಾಟಿ ಜರ್ಮನಿಯ ಕೆಲ್ ಊರಿಗೆ 2017ರಿಂದ ಟ್ರಾಮ್ ಓಡುತ್ತಿದೆ. ಸಂಜೆ ಆ ಟ್ರಾಮಿನಲ್ಲಿ ವಾಪಸ್ ಬರುವವರ ಚೀಲ ನೋಡಿದರೆ ಬೆಲೆ ವ್ಯತ್ಯಾಸದ ಪಾಠ ಅಲ್ಲೇ ಸಿಗುತ್ತದೆ: ಸೋಪು, ಶಾಂಪೂ, ಮಕ್ಕಳ ಡೈಪರ್, ಸಿಗರೇಟು. ಜರ್ಮನಿಯವರು ಚೀಸು, ಮೀನು, ವೈನ್‌ಗೆ ಆ ಕಡೆ ಹೋಗುತ್ತಾರೆ. ಲಕ್ಸೆಂಬರ್ಗ್ ಗಡಿಯ ವಾಸರ್‌ಬಿಲಿಗ್‌ನಲ್ಲಿ ಪೆಟ್ರೋಲ್ ಬಂಕುಗಳ ಸಾಲೇ ಇದೆ. ಸ್ವಂತಕ್ಕೆ ಎಷ್ಟು ಬೇಕಾದರೂ ತರಬಹುದು, ಸುಂಕ ಇಲ್ಲ. ಸಿಗರೇಟು, ಮದ್ಯಕ್ಕೆ ಮಾತ್ರ ಇಷ್ಟರ ಮೇಲೆ ತಂದರೆ ವ್ಯಾಪಾರಕ್ಕೆ ಅಂತ ತಿಳಿಯುವ ಮಿತಿ ಇದೆ. ಟಿಕೆಟ್ಟು, ಪೆಟ್ರೋಲು, ಹೋದ ಸಮಯ ಕಳೆದು ಏನು ಉಳಿಯಿತು ಅಂತ ಲೆಕ್ಕ ಮಾಡಿ. ಎಲ್ಲವನ್ನೂ ಅಲ್ಲಿಂದ ತರುವುದಕ್ಕಿಂತ ನಿಮ್ಮ ಪಟ್ಟಿಯಲ್ಲಿ ವ್ಯತ್ಯಾಸ ಜಾಸ್ತಿ ಇರುವ ನಾಲ್ಕೈದು ಸಾಮಾನು ಮಾತ್ರ ತಂದರೆ ಸಾಕು.

ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲೂ ಇಲ್ಲ, ಯೂರೋದಲ್ಲೂ ಇಲ್ಲ. ಅಲ್ಲಿರುವವರು ಜರ್ಮನಿಯ ಕೊನ್‌ಸ್ಟಾಂಜ್‌ಗೆ ಶಾಪಿಂಗ್ ಹೋಗುತ್ತಾರೆ. 50 ಯೂರೋ ದಾಟಿದ ಬಿಲ್ಲಿಗೆ ಕಸ್ಟಮ್ಸ್ ಮುದ್ರೆ ಹಾಕಿಸಿದರೆ ಜರ್ಮನ್ ವ್ಯಾಟ್ ವಾಪಸ್ ಸಿಗುತ್ತದೆ. ಆದರೆ 2025ರ ಜನವರಿಯಿಂದ ಒಬ್ಬರಿಗೆ ದಿನಕ್ಕೆ ತೆರಿಗೆ ಇಲ್ಲದೆ ಒಳಗೆ ತರುವ ಮಿತಿ 300 ಫ್ರಾಂಕ್‌ನಿಂದ 150ಕ್ಕೆ ಇಳಿದಿದೆ, ನೆನಪಿರಲಿ.

ಶೆಲ್ಫಿನ ಮುಂದೆ ನಿಂತಾಗ

ದೊಡ್ಡ ಅಕ್ಷರದ ಬೆಲೆ ಬಿಟ್ಟು ಅದರ ಕೆಳಗೆ ಸಣ್ಣಗೆ ಬರೆದಿರುವ ಕಿಲೋ ಅಥವಾ ಲೀಟರ್ ಬೆಲೆ ಓದಿ. ಅದನ್ನು ಬರೆಯುವುದು ಕಡ್ಡಾಯ. ಪೊಟ್ಟಣ 500 ಗ್ರಾಂನಿಂದ 450ಕ್ಕೆ ಇಳಿದು ಬೆಲೆ ಹಾಗೇ ಇದ್ದರೆ ಏರಿಕೆ ಶೇ. 11. ಬೆಲೆ ಏರದೆಯೂ ಏರುವ ದಾರಿ ಇದು. ಫ್ರಾನ್ಸಿನಲ್ಲಿ 2024ರ ಜುಲೈಯಿಂದ ದೊಡ್ಡ ಅಂಗಡಿಗಳು ಇಂಥ ಪೊಟ್ಟಣದ ಹತ್ತಿರ ಚೀಟಿ ಅಂಟಿಸಬೇಕು. ರಿಯಾಯಿತಿ ಬೋರ್ಡು ಕಂಡರೆ ಹಿಂದಿನ 30 ದಿನದ ಅತಿ ಕಡಿಮೆ ಬೆಲೆ ಎಷ್ಟಿತ್ತು ಅಂತ ಅದರಲ್ಲೇ ಇರಬೇಕು, 2022ರ ಮೇ ಕೊನೆಯಿಂದ ಒಕ್ಕೂಟದಲ್ಲಿ ಈ ನಿಯಮ ಜಾರಿಯಲ್ಲಿದೆ. ಫಿನ್ಲೆಂಡ್, ನೆದರ್ಲೆಂಡ್ಸ್, ಬೆಲ್ಜಿಯಂನಲ್ಲಿ ನಗದು ಕೊಟ್ಟರೆ ಒಂದು, ಎರಡು ಸೆಂಟು ಬಳಸದೆ ಐದಕ್ಕೆ ಸರಿಮಾಡುತ್ತಾರೆ. ಅದು ಒಟ್ಟು ಬಿಲ್ಲಿಗೆ ಮಾತ್ರ. ಒಂದೊಂದು ಸಾಮಾನಿಗೂ ಮಾಡಿದ್ದರೆ ಕೇಳಿ.

ನಮ್ಮವರಿಗೆ ಎರಡು ಮಾತು

ಹೊಸದಾಗಿ ಹೋದವರು ಪ್ರತಿಯೊಂದನ್ನೂ ರೂಪಾಯಿಗೆ ಗುಣಿಸಿ ಕೊರಗುತ್ತಾರೆ. ಒಂದು ಕಟ್ಟು ಕೊತ್ತಂಬರಿ ಕೈಯಲ್ಲಿ ಹಿಡಿದು ಅಲ್ಲೇ ವಾಪಸ್ ಇಡುತ್ತಾರೆ. ಮೊದಲ ತಿಂಗಳು ಸರಿ, ಆಮೇಲೆ ಬಿಟ್ಟುಬಿಡಿ, ಯಾಕೆಂದರೆ ರೂಪಾಯಿ ಬಿದ್ದರೆ ಅಂಗಡಿಯಲ್ಲಿ ಏನೂ ಏರದಿದ್ದರೂ ಏರಿದಂತೆ ಕಾಣುತ್ತದೆ. ಯೂರೋದಲ್ಲಿ ದುಡಿಯುವವರು ಎಷ್ಟು ನಿಮಿಷದ ಸಂಬಳ ಅಂತ ಲೆಕ್ಕ ಹಾಕಿ. ಊರಿಂದ ದುಡ್ಡು ತರಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ರೂಪಾಯಿ ದರ ನಿಜಕ್ಕೂ ಮುಖ್ಯ. ಜರ್ಮನಿ ವೀಸಾಕ್ಕೆ 2024ರ ಸೆಪ್ಟೆಂಬರ್‌ನಿಂದ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆ) ವರ್ಷಕ್ಕೆ 11,904 ಯೂರೋ ತೋರಿಸಬೇಕು, ತಿಂಗಳಿಗೆ 992. ಅದೇ 992 ಲೈಪ್‌ಜಿಗ್‌ನಲ್ಲಿ ನಡೆಯುತ್ತದೆ, ಮ್ಯೂನಿಕ್‌ನಲ್ಲಿ ಬಾಡಿಗೆಗೇ ಬಹುಪಾಲು ಹೋಗಿಬಿಡುತ್ತದೆ. ಕಾಲೇಜು ಆರಿಸುವಾಗ ಊರಿನ ಬಾಡಿಗೆ ನೋಡಿ.

ಭಾರತದ ಕಾರ್ಡ್ ಉಜ್ಜಿದಾಗ ಮಷೀನು ರೂಪಾಯಿಯಲ್ಲಾ ಯೂರೋದಲ್ಲಾ ಅಂತ ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಪರಿವರ್ತನೆ ದರವನ್ನು ಆ ಮಷೀನಿನವರು ತೀರ್ಮಾನಿಸುತ್ತಾರೆ, ಅದು ಸಾಮಾನ್ಯವಾಗಿ ನಿಮಗೆ ನಷ್ಟ. ಮತ್ತೆ, ಜರ್ಮನಿಯ ಖಾತೆ ಇದ್ದವರು ಬೇರೆ ಯೂರೋ ದೇಶಕ್ಕೆ ಹೋದಾಗ ಅಲ್ಲಿನ ಫೋನ್ ಕಂಪನಿಯೋ ಮನೆ ಮಾಲೀಕರೋ ತಮ್ಮ ದೇಶದ ಬ್ಯಾಂಕ್ ಖಾತೆಯೇ ಬೇಕು ಅಂತ ಹಠ ಹಿಡಿದರೆ, ಅದು ಕಾನೂನಿಗೆ ವಿರುದ್ಧ ಅಂತ ಮೆತ್ತಗೆ ಹೇಳಿ.

ಲೆಕ್ಕ ಸಿಕ್ಕಿದ ಮೇಲೆ

ಕ್ರೊಯೇಷಿಯಾದಲ್ಲಿ 2023ರ ಜನವರಿ ಮೊದಲ ವಾರದಲ್ಲೇ ಸರ್ಕಾರ ವ್ಯಾಪಾರಿಗಳಿಗೆ ಡಿಸೆಂಬರ್ 31ರ ಬೆಲೆಗೆ ವಾಪಸ್ ಬನ್ನಿ ಅಂತ ಎಚ್ಚರಿಕೆ ಕೊಟ್ಟು ಇನ್‌ಸ್ಪೆಕ್ಟರ್‌ಗಳನ್ನು ಕಳಿಸಿತು. ಅಷ್ಟರಿಂದ ಜನರಿಗೆ ಸಮಾಧಾನ ಆಗಲಿಲ್ಲ. 2025ರ ಜನವರಿ 24ರ ಶುಕ್ರವಾರ ಅಲ್ಲಿನ ಜನ ಅಂಗಡಿಗೇ ಹೋಗದೆ ಬಹಿಷ್ಕಾರ ಹಾಕಿದರು, ಅದು ಅಕ್ಕಪಕ್ಕದ ದೇಶಗಳಿಗೂ ಹಬ್ಬಿತು. ಸ್ವಲ್ಪ ದಿನದಲ್ಲೇ ಸರ್ಕಾರ ಬೆಲೆ ಮಿತಿ ಹಾಕಿದ್ದ ಸಾಮಾನುಗಳ ಪಟ್ಟಿಯನ್ನು 30ರಿಂದ 70ಕ್ಕೆ ಹೆಚ್ಚಿಸಿತು. ಬೆಲೆ ಮಿತಿ ಒಳ್ಳೆಯ ಮದ್ದು ಅಂತ ನನಗೆ ಅನ್ನಿಸುವುದಿಲ್ಲ, ಒಂದಕ್ಕೆ ಮಿತಿ ಹಾಕಿದರೆ ಪಕ್ಕದ ಇನ್ನೊಂದರಲ್ಲಿ ಎಳೆಯುತ್ತಾರೆ. ಆದರೆ ಗಿರಾಕಿಗಳು ಒಟ್ಟಾಗಿ ಲೆಕ್ಕ ಇಟ್ಟು ಕೇಳಿದರೆ ಕೆಲಸ ಆಗುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ.

ನೀವು ದೂರು ಕೊಡುವಾಗ ಎಲ್ಲಾ ತುಟ್ಟಿ ಅಂತ ಬರೆಯಬೇಡಿ, ಅದನ್ನು ಯಾರೂ ಓದುವುದಿಲ್ಲ. ಒಂದು ಸಾಮಾನು, ಒಂದು ಅಂಗಡಿ. ಹಳೇ ಬೆಲೆ ಇರುವ ಬಿಲ್ಲಿನ ಫೋಟೊ, ಹೊಸ ಬೆಲೆ ಇರುವ ಬಿಲ್ಲಿನ ಫೋಟೊ, ಎರಡರ ತಾರೀಕು, ಪೂರ್ತಿ ದರದಲ್ಲಿ ಭಾಗಿಸಿದ ಲೆಕ್ಕ, ಶೇಕಡಾ ಏರಿಕೆ. ಇಷ್ಟನ್ನು ಆ ದೇಶದ ಗ್ರಾಹಕ ರಕ್ಷಣಾ ಇಲಾಖೆಗೆ ಕಳಿಸಿ. ಬೇರೆ ಯುರೋಪ್ ದೇಶದ ಅಂಗಡಿ ಅಥವಾ ಜಾಲತಾಣದ ಮೇಲೆ ದೂರಿದ್ದರೆ ನೀವು ವಾಸವಿರುವ ದೇಶದ ಯುರೋಪಿಯನ್ ಗ್ರಾಹಕ ಕೇಂದ್ರ ಪುಕ್ಕಟೆಯಾಗಿ ನೆರವಾಗುತ್ತದೆ.